ಅಡುಗೆಮನೆಯಿಂದ ಅರಬಿ: ಮನೆಮಂದಿಯೆಲ್ಲ ಸೇರಿ ಕಲಿಯುವ ದಾರಿ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಐದು ಜನ. ನಾನು, ಯಜಮಾನರು, ಅತ್ತೆ, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಐವರಿಗೂ ಕುರಾನ್ ಓದಲು ಬರುತ್ತಿತ್ತು. ಓದಿದ್ದು ಅರ್ಥವಾಗುತ್ತಿರಲಿಲ್ಲ. ಐದು ಹೊತ್ತಿನ ಫರ್ಜ್, ಅಂದರೆ ಕಡ್ಡಾಯದ, ನಮಾಜಿಗೆ 17 ರಕಾತ್, ಅಂದರೆ ಸುತ್ತು. ಪ್ರತಿ ಸುತ್ತಿನಲ್ಲೂ ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಬೇಕು. ಅತ್ತೆ ಚಿಕ್ಕಂದಿನಿಂದಲೂ ದಿನಕ್ಕೆ ಅಷ್ಟು ಸಲ ಫಾತಿಹಾ ಓದಿಕೊಂಡು ಬಂದವರು. ಒಂದು ಸಂಜೆ ಮಗ ಅವರ ಪಕ್ಕ ಕೂತು, "ದಾದಿ, ನಸ್ತಈನ್ ಅಂದ್ರೆ ಏನು?" ಅಂತ ಕೇಳಿದ. ಅತ್ತೆ ನನ್ನ ಮುಖ ನೋಡಿದರು. ನಾನು ಯಜಮಾನರ ಮುಖ ನೋಡಿದೆ. ಯಾರಿಗೂ ಗೊತ್ತಿರಲಿಲ್ಲ.

"ನಾವು ಸಹಾಯ ಬೇಡುತ್ತೇವೆ" ಅಂತ ಅದರ ಅರ್ಥ. ಅದನ್ನು ಹುಡುಕಿಕೊಂಡ ರಾತ್ರಿಯೇ ನಮ್ಮ ಮನೆಯಲ್ಲಿ ಅರಬಿ ಪಾಠ ಶುರುವಾಯಿತು. ಈಗ ಎರಡು ವರ್ಷ. ನಾವೇನೂ ಪಂಡಿತರಾಗಿಲ್ಲ. ಆದರೆ ಕುರಾನಿನ ಚಿಕ್ಕ ಸೂರಾಗಳು, ಅಂದರೆ ಅಧ್ಯಾಯಗಳು, ಓದುತ್ತಿದ್ದಂತೆ ಅರ್ಥ ಆಗುತ್ತವೆ, ಮನೆಯೊಳಗೆ ನಾಲ್ಕು ಮಾತು ಆಡುತ್ತೇವೆ. ನಮ್ಮ ಹಾಗೆ ಶುರು ಮಾಡಬೇಕು ಅನ್ನುವವರಿಗೆ ನಾವು ನಡೆದ ದಾರಿ ಹೇಳುತ್ತೇನೆ. ಎಡವಿದ ಜಾಗಗಳನ್ನೂ ಹೇಳುತ್ತೇನೆ.

ಮೊದಲು: ಯಾವ ಅರಬಿ?

ಅರಬಿ ಅಂದರೆ ಒಂದೇ ಅಲ್ಲ. ಕುರಾನಿನಲ್ಲಿ, ಪುಸ್ತಕದಲ್ಲಿ, ಟಿವಿ ವಾರ್ತೆಯಲ್ಲಿ ಇರುವುದು ಫುಸ್ಹಾ. ರಸ್ತೆಯಲ್ಲಿ, ಅಂಗಡಿಯಲ್ಲಿ ಜನ ಆಡುವುದು ಆಮ್ಮಿಯ್ಯಾ. ಅದು ಈಜಿಪ್ಟಿನಲ್ಲಿ ಒಂದು ಥರ, ಸೌದಿಯಲ್ಲಿ ಇನ್ನೊಂದು ಥರ. ನಮ್ಮ ಯಜಮಾನರು ನಾಲ್ಕು ವರ್ಷ ಸೌದಿಯ ದಮ್ಮಾಮಿನಲ್ಲಿ ಇದ್ದವರು. "ಏಶ್ ಹಾದಾ?" ಅಂತ ಕೇಳುತ್ತಾರೆ. ಪುಸ್ತಕದಲ್ಲಿ ಅದೇ ಮಾತು "ಮಾ ಹಾದಾ?" ಎರಡಕ್ಕೂ "ಇದೇನು?" ಅಂತಲೇ ಅರ್ಥ.

ಮನೆಯವರೊಬ್ಬರು ಮುಂದಿನ ತಿಂಗಳೇ ಗಲ್ಫಿಗೆ ಕೆಲಸಕ್ಕೆ ಹೊರಟಿದ್ದರೆ ಅಲ್ಲಿನ ಆಡುಮಾತಿನಿಂದಲೇ ಶುರು ಮಾಡಿ. ಉಳಿದವರೆಲ್ಲ ಫುಸ್ಹಾ ಹಿಡಿಯಿರಿ. ನಮಾಜಿನಿಂದಾಗಿ ಅದರ ಎಷ್ಟೋ ಮಾತುಗಳು ಆಗಲೇ ನಾಲಿಗೆಯ ಮೇಲಿವೆ. ಎರಡನ್ನೂ ಒಟ್ಟಿಗೆ ಹಿಡಿದರೆ ಮಕ್ಕಳಿಗೆ ಗೊಂದಲ ಆಗುತ್ತದೆ.

ಹೊತ್ತು ಗೊತ್ತು ಮಾಡಿ

ಸೂರ್ಯ ಮುಳುಗಿದ ಹೊತ್ತಿನ ಮಗ್ರಿಬ್ ನಮಾಜು ಆದ ಮೇಲೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ. ಇದಕ್ಕಿಂತ ಜಾಸ್ತಿ ಬೇಡ. ಭಾನುವಾರ ಎರಡು ಗಂಟೆ ಕೂರಿಸುತ್ತೇನೆ ಅಂದರೆ ಮೂರನೇ ವಾರಕ್ಕೆ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ನಾವು ಕೂರುವುದು ಅಡುಗೆಮನೆಯಲ್ಲಿ, ಚಾಪೆ ಹಾಸಿಕೊಂಡು. ಮಳೆಗಾಲದಲ್ಲಿ ಮನೆಯೊಳಗೆ ಬೆಚ್ಚಗಿರುವ ಜಾಗ ಅದೊಂದೇ.

ನಮ್ಮ ಕಡೆ ಮಳೆ ಹಿಡಿದರೆ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಆದ್ದರಿಂದ ಕೇಳಬೇಕಾದ ಆಡಿಯೋಗಳನ್ನು ಮೇ ತಿಂಗಳಲ್ಲೇ ಫೋನಿಗೆ ಇಳಿಸಿಟ್ಟುಕೊಳ್ಳಿ. ಮೊದಲ ವರ್ಷ ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಿ, ಜುಲೈನಲ್ಲಿ ಅರ್ಧ ಪಾಠ ಕಳೆದುಕೊಂಡೆವು. ತಪ್ಪಿದ ಪಾಠ ಮತ್ತೆ ಮಾಡಿಕೊಡಿ ಅಂದರೆ ಅವರು ಒಪ್ಪಲಿಲ್ಲ. ಕಟ್ಟುವ ಮೊದಲೇ ಕೇಳಿಕೊಳ್ಳಬೇಕಿತ್ತು.

ಒಬ್ಬರು ಮೇಷ್ಟ್ರು, ಉಳಿದವರು ಮಕ್ಕಳು ಅನ್ನುವ ಏರ್ಪಾಡು ಬೇಡವೇ ಬೇಡ. ಎಲ್ಲರೂ ಕಲಿಯುವವರೇ. ಅತ್ತೆ ತಪ್ಪು ಹೇಳುವುದು, ಅಪ್ಪ ತಿದ್ದಿಸಿಕೊಳ್ಳುವುದು ಕಣ್ಣೆದುರು ಕಂಡರೆ ಮಕ್ಕಳಿಗೆ ಬಾಯಿ ಬಿಡಲು ಧೈರ್ಯ ಬರುತ್ತದೆ.

ಉಚ್ಚಾರ: ಇಲ್ಲಿ ಅವಸರ ಬೇಡ

ನಮ್ಮ ದೊಡ್ಡ ತಪ್ಪು ನಡೆದದ್ದು ಇಲ್ಲೇ. ಸುಲಭ ಆಗಲಿ ಅಂತ ನಾನು ಅರಬಿ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಮೂರು ತಿಂಗಳಲ್ಲಿ ಒಂದು ನೋಟ್‌ಬುಕ್ ತುಂಬಿತು. ಆಮೇಲೆ ತೆರೆದು ನೋಡಿದರೆ ಅರಬಿಯ ನಾಲ್ಕು ಬೇರೆ ಬೇರೆ ಅಕ್ಷರಗಳು, ಅಂದರೆ ಝಾಲ್, ಝೇ, ಜ್ವಾದ್, ಜೋಯ್ ಅಂತ ನಾವು ಕರೆಯುವವು, ನೋಟ್‌ಬುಕ್ಕಿನಲ್ಲಿ ಒಂದೇ "ಜ" ಆಗಿದ್ದವು. ಸೇ, ಸೀನ್, ಸ್ವಾದ್ ಮೂರೂ "ಸ" ಆಗಿದ್ದವು. ಮಗನಿಗೆ ಪದ ಬರುತ್ತಿತ್ತು, ಆದರೆ ಅರಬಿಯಲ್ಲಿ ಬರೆ ಅಂದರೆ ಯಾವ ಅಕ್ಷರ ಅಂತ ಗೊತ್ತಾಗುತ್ತಿರಲಿಲ್ಲ. ಆ ನೋಟ್‌ಬುಕ್ ಬದಿಗಿಟ್ಟು ಮೊದಲಿನಿಂದ ಶುರು ಮಾಡಿದೆವು. ಈ ಲೇಖನದಲ್ಲಿ ನಾನು ಪದಗಳನ್ನು ಕನ್ನಡದಲ್ಲಿ ಬರೆಯುತ್ತಿರುವುದು ನಿಮಗೆ ದಾರಿ ತೋರಿಸಲು ಮಾತ್ರ. ನಿಮ್ಮ ಮಕ್ಕಳ ಪುಸ್ತಕದಲ್ಲಿ ಮೊದಲ ದಿನದಿಂದಲೇ ಅರಬಿ ಅಕ್ಷರ ಇರಲಿ.

ಉರ್ದು ಮಾತಾಡುವ ಮನೆಗಳಲ್ಲಿ ಇನ್ನೊಂದು ತೊಡಕು ಇದೆ. ನಮ್ಮ ದಖನಿ ನಾಲಿಗೆ ಗಂಟಲಿನ ಖಾಫ್ ಅಕ್ಷರವನ್ನು "ಖ" ಮಾಡಿಬಿಡುತ್ತದೆ. ಅದನ್ನು ಸರಿಮಾಡಲು ಹೋಗಿ ಮಾಮೂಲಿ "ಕ" ಅಂದರೂ ತಪ್ಪೇ. ಗಂಟಲಿನ ಖಾಫ್ ಹಾಕಿ ಹೇಳುವ "ಕಲ್ಬ್" ಹೃದಯ. ಮಾಮೂಲಿ ಕಾಫ್ ಹಾಕಿದರೆ ನಾಯಿ! ನಾಲಿಗೆಯ ಬುಡವನ್ನು ಮೇಲಕ್ಕೆತ್ತಿ, ಕಿರುನಾಲಿಗೆಯ ಹತ್ತಿರ ಒತ್ತಿ ಬಿಟ್ಟರೆ ಸರಿಯಾದ ಶಬ್ದ ಬರುತ್ತದೆ. ದೊಡ್ಡ ಹಾ ಅಕ್ಷರಕ್ಕೆ ನಮ್ಮ ಮನೆಯಲ್ಲಿ ಕನ್ನಡಕ ಕೆಲಸಕ್ಕೆ ಬಂತು. ಗಾಜು ಒರೆಸುವ ಮೊದಲು ಬಾಯಿಯಿಂದ ಬಿಸಿ ಉಸಿರು ಬಿಡುತ್ತೇವಲ್ಲ, ಆ ಉಸಿರೇ ಆ ಅಕ್ಷರ. ಅತ್ತೆ ಕನ್ನಡಕ ತೆಗೆದು ಒಂದೇ ಸಲಕ್ಕೆ ಸರಿಯಾಗಿ ಮಾಡಿ ತೋರಿಸಿದರು. ಐನ್ ಮಾತ್ರ ತಿಂಗಳುಗಟ್ಟಲೆ ಹಿಡಿಯಿತು. ಗಂಟಲಿನ ನಡುಭಾಗ ಬಿಗಿಯಬೇಕು. ಕೇಳಿ ಕೇಳಿಯೇ ಬರಬೇಕಾದ ಅಕ್ಷರ ಅದು.

ಕೇಳಲು ಈಜಿಪ್ಟಿನ ಕಾರಿ, ಅಂದರೆ ಕುರಾನ್ ಓದುವವರು, ಮಹಮೂದ್ ಖಲೀಲ್ ಅಲ್ ಹುಸರಿ ಅವರ ಧ್ವನಿಮುದ್ರಣ ಇಟ್ಟುಕೊಳ್ಳಿ. ಅವರು ತೀರಿಕೊಂಡದ್ದು 1980ರಲ್ಲಿ. ಇವತ್ತಿಗೂ ಕಲಿಯುವವರಿಗೆ ಅಷ್ಟು ನಿಧಾನದ, ಅಷ್ಟು ಸ್ಪಷ್ಟವಾದ ಓದು ಸಿಗುವುದು ಕಷ್ಟ.

ಓದು, ಬರಹ

ಅಕ್ಷರ 28. ಬಲದಿಂದ ಎಡಕ್ಕೆ ಬರೆಯಬೇಕು. ಆರು ಅಕ್ಷರ ಬಿಟ್ಟು ಉಳಿದವು ಮುಂದಿನ ಅಕ್ಷರಕ್ಕೆ ಕೂಡಿಕೊಳ್ಳುತ್ತವೆ. ಆ ಆರು: ಅಲಿಫ್, ದಾಲ್, ಝಾಲ್, ರಾ, ಝೇ, ವಾವ್. ಮದರಸಾಕ್ಕೆ ಹೋದ ಮಕ್ಕಳಿಗೆ ನೂರಾನಿ ಖಾಯಿದಾ ಅನ್ನುವ ಅಕ್ಷರ ಕಲಿಸುವ ಪುಸ್ತಕದಲ್ಲಿ ಇದೆಲ್ಲ ಆಗಿರುತ್ತದೆ. ಆಗದಿದ್ದವರಿಗೆ ಕಾಗುಣಿತ ಹೇಳಿಕೊಟ್ಟ ಹಾಗೆಯೇ ಹೇಳಿಕೊಡಿ. ಬ, ಬಿ, ಬು ಅನ್ನಲು ಮೂರು ಗುರುತು: ಜಬರ್, ಜೇರ್, ಪೇಶ್. ಬಾ, ಬೀ, ಬೂ ಅನ್ನಲು ಅಲಿಫ್, ಯಾ, ವಾವ್. ಎ, ಒ ಇಲ್ಲವೇ ಇಲ್ಲ. ಕನ್ನಡದ ಮಕ್ಕಳಿಗೆ ಹ್ರಸ್ವ ದೀರ್ಘದ ಕಿವಿ ಚಿಕ್ಕಂದಿನಲ್ಲೇ ಬಂದಿರುತ್ತದೆ.

ಆ ಕಿವಿ ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. "ಮತರ್" ಅಂದರೆ ಮಳೆ. "ಮತಾರ್" ಅಂದರೆ ವಿಮಾನ ನಿಲ್ದಾಣ. ಆಗುಂಬೆಯಲ್ಲಿ ಸುರಿಯುವುದು ಮತರ್, 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ಶುರುವಾದದ್ದು ಮತಾರ್. ನಡುವಿನ ತ ದೀರ್ಘ ಆದದ್ದಷ್ಟೇ ವ್ಯತ್ಯಾಸ. ನಮ್ಮ ಮಗ ಇದನ್ನು ಒಮ್ಮೆ ಕೇಳಿದವನು ಮತ್ತೆ ಮರೆಯಲಿಲ್ಲ.

ಚೀಟಿ ಅಂಟಿಸುವ ಕೆಲಸ

ಈಗ ಪದಗಳು. ಮನೆಯ ವಸ್ತುಗಳ ಮೇಲೆ ಅರಬಿ ಹೆಸರಿನ ಚೀಟಿ ಅಂಟಿಸಿ. ಎರಡು ಬಣ್ಣದ ಕಾಗದ ತನ್ನಿ. ಅರಬಿಯಲ್ಲಿ ನಮ್ಮ ಹಾಗೆ ನಪುಂಸಕಲಿಂಗ ಇಲ್ಲ. ಬಾಗಿಲೂ ಗಂಡೋ ಹೆಣ್ಣೋ ಆಗಲೇಬೇಕು. ಬಾಬ್, ಅಂದರೆ ಬಾಗಿಲು, ಗಂಡು. ಅದಕ್ಕೆ "ಹಾದಾ ಬಾಬ್". ನಾಫಿದಾ, ಅಂದರೆ ಕಿಟಕಿ, ಹೆಣ್ಣು. ಅದಕ್ಕೆ "ಹಾದಿಹಿ ನಾಫಿದಾ". ಗಂಡಿಗೆ ನೀಲಿ ಚೀಟಿ, ಹೆಣ್ಣಿಗೆ ಹಳದಿ. ಕಣ್ಣು ನೋಡಿಕೊಂಡೇ ಲಿಂಗ ಕಲಿಯುತ್ತದೆ. ಚೀಟಿಯ ಮೇಲೆ ಅಗಲದ ಪ್ಲಾಸ್ಟಿಕ್ ಟೇಪ್ ಹಾಕಿ. ಇಲ್ಲದಿದ್ದರೆ ಆಷಾಢದ ತೇವಕ್ಕೆ ಶಾಯಿ ಹರಡಿ ಏನೂ ಉಳಿಯುವುದಿಲ್ಲ.

ಶುರು ಮಾಡಲು ಮಸಾಲೆ ಡಬ್ಬಿಗಿಂತ ಒಳ್ಳೆಯ ಜಾಗ ಇಲ್ಲ. ಕಾಳುಮೆಣಸು ಫಿಲ್ಫಿಲ್. ಏಲಕ್ಕಿ ಹೈಲ್. ಲವಂಗ ಕರನ್ಫುಲ್. ಶುಂಠಿ ಜಂಜಬೀಲ್. ಇದು ಕುರಾನಿನ ಸೂರಾ ಇನ್ಸಾನ್‌ನಲ್ಲೇ ಬರುವ ಪದ. ಅಡಿಕೆಗೂ ಅರಬಿಯಲ್ಲಿ ಹೆಸರಿದೆ, ಫೌಫಲ್. ಉಪ್ಪು ಮಿಲ್ಹ್, ಸಕ್ಕರೆ ಸುಕ್ಕರ್. ಕಾಫಿ ಡಬ್ಬಿಯ ಮೇಲೆ ಕಹ್ವಾ ಅಂತ ಬರೆಯುವಾಗ ಅತ್ತೆ ಬಾಬಾ ಬುಡನ್‌ರ ಕಥೆ ಹೇಳಿದರು. ಯೆಮನ್ ದೇಶದ ಮೋಖಾ ಬಂದರಿನಿಂದ ಏಳು ಕಾಫಿ ಬೀಜ ತಂದು ನಮ್ಮ ಮಲೆನಾಡಿನ ಗಿರಿಯಲ್ಲಿ ಬಿತ್ತಿದರು ಅನ್ನುವ ಕಥೆ. ಕಹ್ವಾ ಅನ್ನುವ ಪದವೇ ನಾಲ್ಕಾರು ಭಾಷೆ ಸುತ್ತಿ ಕಾಫಿ ಆಗಿ ನಮ್ಮ ಲೋಟಕ್ಕೆ ಬಂದದ್ದು. ಇಂಥ ಕಥೆ ಸಿಕ್ಕಿದರೆ ಪಾಠ ನಿಲ್ಲಿಸಿ ಕಥೆ ಹೇಳಿ.

ದಿನಕ್ಕೆ ಮೂರು ಚೀಟಿ ಸಾಕು. ಊಟಕ್ಕೆ ಮೊದಲು ಒಬ್ಬರು ಕೈ ತೋರಿಸಿ "ಮಾ ಹಾದಾ?" ಅನ್ನಬೇಕು, ಇನ್ನೊಬ್ಬರು ಉತ್ತರ ಕೊಡಬೇಕು.

ಕನ್ನಡದೊಳಗೇ ಕೂತಿರುವ ಅರಬಿ

ನನಗೆ ತುಂಬಾ ಖುಷಿ ಕೊಟ್ಟ ಹೆಜ್ಜೆ ಇದು. ಇದಕ್ಕಾಗಿ ಒಂದು ಬೇರೆ ನೋಟ್‌ಬುಕ್ ಇಡಿ. "ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ದಾಖಲೆಯ ನಕಲು ತಂದೆ" ಅಂತ ನಾವು ಎಷ್ಟು ಸಲ ಹೇಳಿಲ್ಲ? ಅದರಲ್ಲಿ ತಾಲ್ಲೂಕು, ಅರ್ಜಿ, ದಾಖಲೆ, ನಕಲು, ನಾಲ್ಕೂ ಅರಬಿ ಮೂಲದವು. ಅಡಿಕೆ ಮಂಡಿಯ ಲೆಕ್ಕದಲ್ಲಿ ಬರುವ ಜಮಾ, ಬಾಕಿ, ವಸೂಲಿ, ಅಸಲು ಕೂಡ. ವಕೀಲ, ತಾರೀಖು, ಹಕ್ಕು, ಹುಕುಂ, ಇಲಾಖೆ, ಖಾಲಿ, ಇವೂ ಅದೇ ಮನೆಯ ಮಕ್ಕಳು. ಮಗಳು ಒಂದು ದಿನ ಓಡಿಬಂದು, "ಅಮ್ಮಿ, ಆಯತುಲ್ ಕುರ್ಸಿಯ ಕುರ್ಸಿ ನಮ್ಮ ಕುರ್ಚಿ!" ಅಂದಳು. ಹೌದು, ಕುರಾನಿನ ಆ ವಚನದ ಕುರ್ಸಿಯೂ ಅದೇ. ಮಗ ಓದಿದ ಖಾಯಿದಾ, ಸರ್ಕಾರ ತರುವ ಕಾಯಿದೆ, ಎರಡೂ ಒಂದೇ ಪದ. ಮೂಲದಲ್ಲಿ ಬುನಾದಿ, ನಿಯಮ ಅಂತ ಅರ್ಥ.

ಉಚ್ಚಾರಕ್ಕೂ ಈ ನೋಟ್‌ಬುಕ್ ಸಹಾಯ ಮಾಡುತ್ತದೆ. ಹಾಜರಿ, ಅರ್ಜಿ, ಜಿಲ್ಲೆ, ಈ ಮೂರರಲ್ಲಿರುವ "ಜ" ಅರಬಿಯಲ್ಲಿ "ಜ" ಅಲ್ಲ. ನಾವು ಜ್ವಾದ್ ಅನ್ನುವ ಆ ದಪ್ಪ "ದ". ಪರ್ಷಿಯನ್, ಉರ್ದು ದಾಟಿ ಬರುವಾಗ "ಜ" ಆಯಿತು. ನಮ್ಮ ಶಾಲೆಯ ಮಕ್ಕಳು "ಹಾಜರ್" ಅನ್ನುವ ಹೊತ್ತಿಗೆ ಅರಬ್ ಶಾಲೆಯ ಮಕ್ಕಳು "ಹಾದಿರ್" ಅನ್ನುತ್ತಾರೆ.

ಆದರೆ ಅರ್ಥದ ವಿಷಯದಲ್ಲಿ ಹುಷಾರಾಗಿರಿ. ಪದ ಪ್ರಯಾಣ ಮಾಡುವಾಗ ಅರ್ಥ ಬದಲಾಗುತ್ತದೆ. ಅರಬಿಯಲ್ಲಿ ಗರೀಬ್ ಅಂದರೆ ಬಡವ ಅಲ್ಲ, ಪರಊರಿನವ, ಅಪರಿಚಿತ. ಸವಾಲು ಅಂದರೆ ಬರೀ ಪ್ರಶ್ನೆ. ತಕರಾರು ಅಂದರೆ ಜಗಳ ಅಲ್ಲ, ಮತ್ತೆ ಮತ್ತೆ ಹೇಳುವುದು! ಡಿಸಿ ಸಾಹೇಬರು ಸ್ವೀಕರಿಸುವ ಅಹವಾಲು ಇದೆಯಲ್ಲ, ಅದು "ಹಾಲ್" ಪದದ ಬಹುವಚನ. ಹಾಲ್ ಅಂದರೆ ಸ್ಥಿತಿ. "ಕೈಫ ಹಾಲುಕ್?", ಹೇಗಿದ್ದೀರಿ, ಅಂತ ಕೇಳುವುದೂ ಅದೇ ಹಾಲ್.

ಬೇರು ಹಿಡಿದರೆ ಮರ ಸಿಗುತ್ತದೆ

ಅರಬಿಯ ಹೆಚ್ಚಿನ ಪದಗಳಿಗೆ ಮೂರು ಅಕ್ಷರದ ಬೇರು ಇರುತ್ತದೆ. ಕ-ತ-ಬ ಅಂದರೆ ಬರೆಯುವುದಕ್ಕೆ ಸಂಬಂಧಪಟ್ಟದ್ದು. ಕಿತಾಬ್ ಪುಸ್ತಕ, ಕಾತಿಬ್ ಬರೆಯುವವ, ಮಕ್ತೂಬ್ ಬರೆದದ್ದು, ಮಕ್ತಬ್ ಬರೆಯುವ ಜಾಗ. ಕೊನೆಯದನ್ನು ಚೆನ್ನಾಗಿ ನೋಡಿ. ಕನ್ನಡದಲ್ಲಿ ಜಾಗ ಹೇಳಲು "ಮನೆ" ಅಂತ ಹಿಂದೆ ಸೇರಿಸುತ್ತೇವೆ: ಅಡುಗೆಮನೆ, ಬಚ್ಚಲುಮನೆ. ಅರಬಿಯಲ್ಲಿ "ಮ" ಮುಂದೆ ಬರುತ್ತದೆ. ಸಜ್ದಾ (ಹಣೆ ನೆಲಕ್ಕಿಟ್ಟು ನಮಿಸುವುದು) ಮಾಡುವ ಜಾಗ ಮಸ್ಜಿದ್, ದರ್ಸ್ (ಪಾಠ) ನಡೆಯುವ ಜಾಗ ಮದ್ರಸಾ, ಅಡುಗೆ ಮಾಡುವ ಜಾಗ ಮತ್ಬಖ್. ಆಗ ಹೇಳಿದ ಮತಾರ್ ಕೂಡ ಹಾರುವ ಜಾಗ. ಅದರ ಬೇರು ಬೇರೆ, ಮಳೆಯ ಬೇರು ಬೇರೆ. ಎರಡೂ ಒಂದೇ ಥರ ಕೇಳಿಸುತ್ತವೆ ಅಷ್ಟೆ.

ನಾವು ಗೋಡೆಗೆ ಹಳೆಯ ಕ್ಯಾಲೆಂಡರಿನ ಹಿಂಬದಿ ಅಂಟಿಸಿ, ವಾರಕ್ಕೊಂದು ಬೇರು ಬರೆದು, ಸಿಕ್ಕ ಪದವನ್ನೆಲ್ಲ ಕೊಂಬೆಯ ಹಾಗೆ ಸೇರಿಸುತ್ತೇವೆ. ಜ-ಮ-ಐನ್ ಬೇರಿನ ವಾರ ಕೊಂಬೆ ಜಾಸ್ತಿ ಬೆಳೆಯಿತು: ಶುಕ್ರವಾರದ ಜುಮಾ, ಜನ ಸೇರುವ ಜಮಾತ್, ವಿಶ್ವವಿದ್ಯಾಲಯ ಅನ್ನುವ ಜಾಮಿಯಾ, ಮಂಡಿಯ ಜಮಾ. ಎಲ್ಲದರಲ್ಲೂ ಕೂಡುವುದೇ ಇದೆ. ಅರಬಿ ನಿಘಂಟುಗಳಲ್ಲಿ ಹೆಚ್ಚಿನವು ಬೇರಿನ ಪ್ರಕಾರವೇ ಜೋಡಿಸಿರುತ್ತವೆ. ಈ ಅಭ್ಯಾಸ ಆಗದಿದ್ದರೆ ನಿಘಂಟು ಕೈಯಲ್ಲಿದ್ದರೂ ಪದ ಸಿಗುವುದಿಲ್ಲ.

ವ್ಯಾಕರಣ, ಸ್ವಲ್ಪವೇ

ನಮಗೆ ಪುಸ್ತಕ ಅಂತ ಆಧಾರವಾದದ್ದು ಮದೀನಾ ಪುಸ್ತಕಗಳು. ತಮಿಳುನಾಡಿನ ವಾಣಿಯಂಬಾಡಿಯವರಾದ ಡಾ. ವಿ. ಅಬ್ದುರ್ ರಹೀಮ್ ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಅರಬಿ ಮಾತೃಭಾಷೆ ಅಲ್ಲದವರಿಗಾಗಿ ಮೂರು ಭಾಗದಲ್ಲಿ ಬರೆದರು. ಮೊದಲ ಪಾಠವೇ "ಇದು ಮನೆ, ಇದು ಮಸೀದಿ". ವಾರಕ್ಕೆ ಅರ್ಧ ಪಾಠದ ಲೆಕ್ಕದಲ್ಲಿ ಹೋಗಿ.

ಇಂಗ್ಲಿಷ್ ವಿವರಣೆಗಿಂತ ಕನ್ನಡದ ಜೊತೆ ಹೋಲಿಸಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ. "ಬರೆದಳು" ಅಂದರೆ ಸಾಕು, "ಅವಳು" ಬೇಕಿಲ್ಲ, ಅಲ್ವಾ? ಅರಬಿಯಲ್ಲೂ ಹಾಗೇ. ಕತಬ ಬರೆದನು, ಕತಬತ್ ಬರೆದಳು, ಕತಬ್ತು ಬರೆದೆನು. "ಇದು ಪುಸ್ತಕ" ಅನ್ನುವಾಗ ನಾವು ಕ್ರಿಯಾಪದ ಹಾಕುವುದಿಲ್ಲ. ಅವರೂ ಹಾಕುವುದಿಲ್ಲ: ಹಾದಾ ಕಿತಾಬ್. ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಂಡ ಮಕ್ಕಳಿದ್ದರೆ ದ್ವಿವಚನ ಅವರಿಗೆ ಹೊಸದಲ್ಲ. ಬಹುವಚನ ಮಾತ್ರ ಬಾಯಿಪಾಠವೇ ಗತಿ. ಕಿತಾಬ್ ಹೋಗಿ ಕುತುಬ್, ಬೈತ್ ಹೋಗಿ ಬುಯೂತ್. ಪದ ಕಲಿಯುವಾಗಲೇ ಎರಡನ್ನೂ ಜೋಡಿಯಾಗಿ ಕಲಿಸಿ.

ಮಾತು

ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿ ಮತ್ತೂರು ಇದೆ. ಅಲ್ಲಿ ಹಲವರು ಸಂಸ್ಕೃತದಲ್ಲಿ ಮಾತಾಡುತ್ತಾರೆ. ದಿನದ ಮಾತನ್ನೇ ಅದರಲ್ಲಿ ಆಡಿದ್ದರಿಂದ ಅದು ಸಾಧ್ಯವಾಯಿತು. ನಾವೂ ಅದನ್ನೇ ಹಿಡಿದೆವು. ಬಾ, ಕೂರು, ತಿನ್ನು, ಕುಡಿ, ಬಾಗಿಲು ತೆಗೆ. ಇವಿಷ್ಟನ್ನು ಮನೆಯಲ್ಲಿ ಅರಬಿಯಲ್ಲೇ ಹೇಳುವುದು. ಗಂಡಿಗೆ ಒಂದು, ಹೆಣ್ಣಿಗೆ ಒಂದು ರೂಪ. ಮಗನಿಗೆ ತಆಲ, ಮಗಳಿಗೆ ತಆಲೈ. ಮಗನಿಗೆ ಕುಲ್, ಮಗಳಿಗೆ ಕುಲೀ. ಇಫ್ತಹ್ ಅಂದರೆ ಬಾಗಿಲು ತೆಗೆಯಬೇಕಾದವನು ಮಗ. ಇಫ್ತಹೀ ಅಂದರೆ ಮಗಳು. ಯಾರು ಏಳಬೇಕು ಅನ್ನುವ ಜಗಳ ಒಂದೇ ಅಕ್ಷರದಲ್ಲಿ ಮುಗಿಯುತ್ತದೆ.

ಇಲ್ಲೊಂದು ಇಕ್ಕಟ್ಟು ಬಂತು. ಮಗಳು ಅತ್ತೆಗೆ "ಅಂತಿ" ಅನ್ನಲು ಒಪ್ಪಲಿಲ್ಲ. "ದಾದಿಗೆ ನೀನು ಅಂದ ಹಾಗೆ ಆಗುತ್ತೆ ಅಲ್ವಾ ಅಮ್ಮಿ?" ಅಂದಳು. ಅವಳ ಮಾತು ಸರಿ. ಕನ್ನಡದ ನೀವು, ಉರ್ದುವಿನ ಆಪ್ ಇದ್ದ ಹಾಗೆ ನಾವು ಕಲಿಯುವ ಫುಸ್ಹಾದ ಮಾಮೂಲಿ ಮಾತಿನಲ್ಲಿ ಇಲ್ಲ. ಅಲ್ಲಿ ಹಿರಿಯರಿಗೂ ಅದೇ ಪದ, ಅದರಲ್ಲಿ ಅಗೌರವ ಇಲ್ಲ. ಆದರೂ ಮಕ್ಕಳ ನಾಲಿಗೆಗೆ ಮುಜುಗರ ಆಗಬಾರದು. ಅದಕ್ಕೆ ಮೊದಲು "ಯಾ ಜದ್ದತೀ", ನನ್ನ ಅಜ್ಜಿ, ಅಂತ ಕರೆದು, ಕೊನೆಗೆ "ಮಿನ್ ಫದ್ಲಿಕ್", ದಯವಿಟ್ಟು, ಸೇರಿಸಿ ಹೇಳುವುದು ಅಂತ ಮಾಡಿಕೊಂಡೆವು. ಅತ್ತೆಗೆ ಯಾ ಜದ್ದತೀ ಎಷ್ಟು ಹಿಡಿಸಿತು ಅಂದರೆ, ಈಗ ಬರೀ ದಾದಿ ಅಂದರೆ ಮಗನ ಕಡೆ ತಿರುಗುವುದೇ ಇಲ್ಲ.

ಸುಸ್ತಾದ ದಿನಗಳಿಗೆ ಒಂದು ಚಿಕ್ಕ ಪಾಠ ಇಟ್ಟುಕೊಂಡಿರಿ. ನಮ್ಮದು ವಾರದ ದಿನಗಳು. ಅಹದ್, ಇಸ್ನೈನ್, ಸುಲಾಸಾ, ಅರ್ಬಿಆ, ಖಮೀಸ್. ಭಾನುವಾರದಿಂದ ಗುರುವಾರದವರೆಗೆ ಒಂದರಿಂದ ಐದರವರೆಗಿನ ಎಣಿಕೆಯೇ. ಆಮೇಲೆ ಜುಮಾ, ಸಬ್ತ್. ಎರಡೇ ನಿಮಿಷ. ಪಾಠ ತಪ್ಪಿದ ಹಾಗೆಯೂ ಆಗುವುದಿಲ್ಲ.

ಮನೆಯಿಂದ ಹೊರಗೆ

ಆರು ತಿಂಗಳಾದ ಮೇಲೆ ಭಾಷೆಯನ್ನು ತಿರುಗಾಟಕ್ಕೆ ಕರೆದುಕೊಂಡು ಹೋಗಿ. ನಾವು ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದೆವು. ಸೂರಾ ಫೀಲ್ ಎಲ್ಲ ಮಕ್ಕಳಿಗೂ ಬಾಯಿಗೆ ಬರುತ್ತದೆ, ಐದೇ ಆಯತ್, ಅಂದರೆ ವಚನ. ಫೀಲ್ ಅಂದರೆ ಆನೆ. ಹೋಗುವ ಮೊದಲ ದಿನ ಅಷ್ಟೂ ಪದಗಳ ಅರ್ಥ ಬರೆದುಕೊಂಡಿದ್ದೆವು. ಆನೆಗಳು ನೀರಿಗೆ ಇಳಿಯುತ್ತಿದ್ದ ಹಾಗೆ ಮಗ "ಹಾದಾ ಫೀಲ್, ಕಬೀರ್!" ಅಂದ. ಮಗಳು ಮರಿಯನ್ನು ತೋರಿಸಿ "ಹಾದಾ ಸಗೀರ್" ಅಂದಳು. ಕಬೀರ್ ಅಂದರೆ ದೊಡ್ಡದು, ಸಗೀರ್ ಅಂದರೆ ಚಿಕ್ಕದು. ನಾನು ಅತ್ತೆಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದೆ. ಮಗ ನನ್ನ ಸೆರಗು ಜಗ್ಗಿ, ಆ ಸೂರಾದ ಮೊದಲ ಮಾತನ್ನೇ ತೆಗೆದು ಕೇಳಿದ: "ಅಮ್ಮಿ, ಅಲಮ್ ತರ?" ನೀನು ನೋಡಲಿಲ್ಲವಾ?

ಅತ್ತೆ ನಿಂತಲ್ಲೇ ನಿಂತರು. ಅಷ್ಟು ವರ್ಷ ಓದಿದ ಮಾತು ಮೊಮ್ಮಗನ ಬಾಯಲ್ಲಿ ಪ್ರಶ್ನೆಯಾಗಿ ಕೇಳಿಸಿತ್ತು. ಮನೆಗೆ ಬಂದು ಪುಸ್ತಕ ತೆರೆದು ನೋಡಿದೆ. ಹೆಣ್ಣಿಗೆ ಕೇಳುವಾಗ "ಅಲಮ್ ತರೈ" ಅನ್ನಬೇಕು. ಮಾರನೇ ದಿನದ ಪಾಠ ಅದೇ ಆಯಿತು.